ಇಲಿಗೆ ಗಡಿ ಇಲ್ಲ, ಜ್ವರಕ್ಕೆ ಹೆಸರಿಲ್ಲ

ಕಾರ್ಖಾನೆಯ ಭೋಂಗಾ ಕೂಗಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಐದೂ ಕಡೆ ಕಬ್ಬಿನ ಹಂಗಾಮು ಸುರುವಾದಂತೆ. ಬೀಡ ಕಡೆಯ ಗ್ಯಾಂಗುಗಳು ಬರುತ್ತವೆ. ಹೊಲದ ಅಂಚಿಗೆ ಗುಡಿಸಲು ಏಳುತ್ತವೆ. ಗಂಡ ಕಬ್ಬು ಕಡಿಯುತ್ತಾನೆ, ಹೆಂಡತಿ ಸಿವುಡು ಕಟ್ಟುತ್ತಾಳೆ, ಕೂಸು ರವದಿಯ ಮೇಲೆ ಮಲಗಿರುತ್ತದೆ.

ಕಬ್ಬು ಕಡಿಯುವುದನ್ನು ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಅಂಚಿನಿಂದ ಕಡಿಯುತ್ತ ಬಂದ ಹಾಗೆ ಹೊಲದ ಇಲಿಗಳೆಲ್ಲ ನಡುವಿಗೆ ಸರಿಯುತ್ತವೆ. ಕೊನೆಯ ನಾಲ್ಕು ಸಾಲು ಉಳಿದಾಗ ಒಮ್ಮೆಲೇ ಹೊರಗೆ ಬೀಳುತ್ತವೆ. ನಾಯಿಗಳಿಗೆ ಹಬ್ಬ, ಹುಡುಗರಿಗೆ ಆಟ. ತಪ್ಪಿಸಿಕೊಂಡವು ಪಕ್ಕದ ಹೊಲಕ್ಕೆ ಓಡುತ್ತವೆ, ಇಲ್ಲವೇ ಗುಡಿಸಲಿಗೆ. ಗುಡಿಸಲಿನಲ್ಲಿ ಜೋಳದ ಹಿಟ್ಟಿದೆ, ಅಕ್ಕಿ ಇದೆ. ಇಲಿಗೆ ಬೇರೆ ಏನು ಬೇಕು?

ಹದಿನೈದು ದಿನ ಕಳೆದ ಮೇಲೆ ಗ್ಯಾಂಗಿನಲ್ಲಿ ಒಬ್ಬನಿಗೆ ಜ್ವರ. ಮೈ ಕೈ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ. ಮುಕಾದಮ ಅವನನ್ನು ಸೈಕಲ್ ಮೋಟಾರಿನ ಹಿಂದೆ ಕೂರಿಸಿಕೊಂಡು ಊರಿನ ದವಾಖಾನೆಗೆ ಹೋಗುತ್ತಾನೆ.

"ಡಾಕ್ಟರ್ ಸಾಹೇಬ್ರ, ಎಂಥಾ ಜ್ವರರೀ ಇದು?"

"ವಾಯರಲ್ ಐತಪಾ. ಒಂದು ಸಲಾಯಿನ್ ಹಚ್ಚೋಣು, ಮೂರು ದಿನ ಗುಳಿಗಿ ತಗೋ, ಹೋಗ್ತೈತಿ."

ಬಹಳ ಸಲ ಹೋಗುತ್ತದೆ ಕೂಡ. ಹೋಗದಿದ್ದರೆ ಮಿರಜಿಗೆ ಓಟ. ಅಲ್ಲಿಯೂ ಹೋಗದಿದ್ದರೆ ಆ ಮನುಷ್ಯನೇ ಹೋಗುತ್ತಾನೆ. ಆದರೆ 'ವಾಯರಲ್' ಅಂದಿರಲ್ಲ ಸಾಹೇಬರೇ, ಯಾವ ವೈರಸ್ ಎಂದು ಕೇಳುವವರು ಯಾರು? ಈ ಒಂದು ಶಬ್ದದ ಕೌದಿಯಡಿ ಎಷ್ಟು ಬಗೆಯ ಜ್ವರ ಮಲಗಿವೆ ಎಂಬ ಲೆಕ್ಕ ಯಾರ ರಜಿಸ್ಟರಿನಲ್ಲಿದೆ? ಅಷ್ಟೇ ಅಲ್ಲ, ವಾಯರಲ್ ಎಂದು ಕರೆಸಿಕೊಂಡವುಗಳಲ್ಲಿ ಕೆಲವು ವೈರಸ್ಸೇ ಅಲ್ಲ. ಆ ಮಾತು ಮುಂದೆ ಬರುತ್ತದೆ. ಮೊದಲು ಒಂದು ಹಳೆಯ ಕತೆ.

ಬಾಟಲಿಯಲ್ಲಿ ಮಲಗಿದ್ದ ವೈರಸ್

1964ನೇ ಇಸವಿ. ತಮಿಳುನಾಡಿನ ವೆಲ್ಲೂರು ಊರೊಳಗೆ ತೊಟ್ಟಪಾಳ್ಯಂ ಎಂಬ ಭಾಗ. ಮೆದುಳು ಜ್ವರದ ಮೂಲ ಹುಡುಕುತ್ತ ಹೊರಟಿದ್ದ ಸಂಶೋಧಕರು ಸೊಳ್ಳೆ ಹಿಡಿದರು, ಹಕ್ಕಿ ಹಿಡಿದರು, ಸಣ್ಣ ಪ್ರಾಣಿಗಳನ್ನೂ ಹಿಡಿದರು. ಬೋನಿಗೆ ಬಿದ್ದವುಗಳಲ್ಲಿ ಒಂದು ಸುಂಡಿಲಿ. ಉದ್ದ ಮೂತಿ, ಸಣ್ಣ ಕಣ್ಣು, ಹತ್ತಿರ ಬಂದರೆ ನಾತ. ನಿಪ್ಪಾಣಿ ಕಡೆ ಮರಾಠಿ ಮಾತಾಡುವವರು ಚಿಚುಂದ್ರಿ ಅನ್ನುವುದು ಇದಕ್ಕೇ. ರಾತ್ರಿ ಬಚ್ಚಲಮನೆಯಲ್ಲಿ ಕಿಚಕಿಚ ಎನ್ನುತ್ತ ಗೋಡೆ ಹಿಡಿದು ಓಡುವ ಪ್ರಾಣಿ. ನೋಡಲಿಕ್ಕೆ ಇಲಿಯಂತಿದ್ದರೂ ಇದು ಇಲಿಯ ಜಾತಿಯದಲ್ಲ, ಹುಳ ತಿಂದು ಬದುಕುವ ಬೇರೆಯೇ ಕುಲ.

ಆ ಸುಂಡಿಲಿಯಿಂದ ಒಂದು ವೈರಸ್ ಬೇರ್ಪಡಿಸಲಾಯಿತು. ಯಾವ ಗುಂಪಿಗೂ ಅದು ಸೇರಲಿಲ್ಲ. ಸಿಕ್ಕ ಜಾಗದ ಹೆಸರನ್ನೇ ಇಟ್ಟು 'ತೊಟ್ಟಪಾಳ್ಯಂ ವೈರಸ್' ಎಂದರು. 1971ರಲ್ಲಿ ಅದರ ವರದಿ ಅಚ್ಚಾಯಿತು. ಆಮೇಲೆ ಅದು ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿತು.

ಈಗ ಕೊರಿಯಾಕ್ಕೆ ಹೋಗಬೇಕು. 1951ರಿಂದ 1953ರವರೆಗಿನ ಯುದ್ಧಕಾಲದಲ್ಲಿ ಅಲ್ಲಿ ವಿಶ್ವಸಂಸ್ಥೆಯ ಸೈನಿಕರಲ್ಲಿ ಸುಮಾರು 3,000 ಮಂದಿಗೆ ವಿಚಿತ್ರ ಜ್ವರ ಬಂತು. ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ಸಾವು. ಕಾರಣ ಹುಡುಕಲು ಇಪ್ಪತ್ತು ವರ್ಷದ ಮೇಲೆ ಹಿಡಿಯಿತು. ಕೊರಿಯಾದವರೇ ಆದ ಹೋ ವಾಂಗ್ ಲೀ ಎಂಬ ವಿಜ್ಞಾನಿ 1976ರಲ್ಲಿ ಹೊಲದ ಪಟ್ಟೆ ಇಲಿಯ ಶ್ವಾಸಕೋಶದಲ್ಲಿ ಅದನ್ನು ಪತ್ತೆ ಹಚ್ಚಿದರು. ಹಂತಾನ್ ಎಂಬ ನದಿಯ ಹೆಸರಿನಿಂದ ಅದು 'ಹಂತಾ ವೈರಸ್' ಆಯಿತು.

ಇತ್ತ ವೆಲ್ಲೂರಿನ ಸುಂಡಿಲಿಯ ವೈರಸ್ಸನ್ನು ಮುಂದೆ ಮತ್ತೆ ಪರೀಕ್ಷಿಸಿದಾಗ ಅದೂ ಹಂತಾ ಕುಟುಂಬದ್ದೇ ಎಂದು ತಿಳಿಯಿತು. ಅಂದರೆ ಜಗತ್ತಿನಲ್ಲಿ ಮೊಟ್ಟಮೊದಲು ಬೇರ್ಪಡಿಸಿದ ಹಂತಾ ವೈರಸ್ ಕೊರಿಯಾದ್ದಲ್ಲ, ಭಾರತದ್ದು. ಹನ್ನೆರಡು ವರ್ಷ ಮೊದಲೇ ಕೈಗೆ ಸಿಕ್ಕಿತ್ತು. ಸಿಕ್ಕದ್ದು ಏನೆಂದು ತಿಳಿಯಲಿಲ್ಲ, ಅಷ್ಟೇ. ಮನೆಯ ಹಿತ್ತಲಲ್ಲಿ ಹೂತಿಟ್ಟ ಕೊಪ್ಪರಿಗೆಯ ಮೇಲೆ ಕೂತು ಊರೆಲ್ಲ ಸಾಲ ಕೇಳಿದ ಹಾಗೆ.

ಈ ವೈರಸ್ ಬಗ್ಗೆ ರೈತರು, ಕೂಲಿಯವರು ತಿಳಿಯಬೇಕಾದ್ದು ಸರಳವಾಗಿದೆ. ಇದನ್ನು ಹೊತ್ತ ಇಲಿಗೆ ರೋಗವಿಲ್ಲ. ಅದು ತಿಂದುಂಡು ಓಡಾಡಿಕೊಂಡೇ ಇರುತ್ತದೆ. ಅದರ ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ ಹೊರಬೀಳುತ್ತದೆ. ಒಣಗಿ ಧೂಳಾದ ಮೇಲೆ ಕಸ ಹೊಡೆಯುವವನ ಮೂಗಿಗೆ ಹೋಗುತ್ತದೆ. ಇಲಿ ಕಚ್ಚಲೇಬೇಕೆಂದಿಲ್ಲ. ದಕ್ಷಿಣ ಅಮೆರಿಕದ ಒಂದು ಜಾತಿಯನ್ನು ಬಿಟ್ಟರೆ ಮನುಷ್ಯನಿಂದ ಮನುಷ್ಯನಿಗೆ ಹರಡಿದ್ದು ಗೊತ್ತಾಗಿಲ್ಲ. ಹೀಗಾಗಿ ಹೆದರಿ ಊರು ಬಿಡುವ ರೋಗ ಇದಲ್ಲ. ಕಸಬರಿಗೆ ಹಿಡಿಯುವ ಮುನ್ನ ನೀರು ಚಿಮುಕಿಸಬೇಕಾದ ರೋಗ.

1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಗಟ್ಟಿಮುಟ್ಟಾದ ತರುಣರು ಉಸಿರು ಕಟ್ಟಿ ಸತ್ತಾಗ ಕೆಲವೇ ವಾರಗಳಲ್ಲಿ ಅದು ಹಂತಾದ ಹೊಸ ಜಾತಿ ಎಂದು ಪತ್ತೆಯಾಯಿತು. ಅದಕ್ಕೂ ಹಿಂದೆ ಅಲ್ಲಿ ಮಳೆ ಚೆನ್ನಾಗಿ ಆಗಿತ್ತು, ಕಾಡಿನ ಬೀಜ ಹೆಚ್ಚಾಗಿತ್ತು, ಇಲಿ ಹೆಚ್ಚಾಗಿದ್ದವು. ಮಳೆ, ಕಾಳು, ಇಲಿ, ಜ್ವರ. ಕೃಷ್ಣೆಯ ದಂಡೆಯವರು ಈ ಸರಪಳಿಯನ್ನು ಸ್ವಲ್ಪ ನೆನಪಿಡಬೇಕು.

ಕ್ಯಾಸನೂರಿನ ಪಾಠ

ಕೊರಿಯಾ, ಅಮೆರಿಕ ದೂರದ ಮಾತಾಯಿತು ಎನ್ನುವವರಿಗೆ ಕರ್ನಾಟಕದ್ದೇ ಉದಾಹರಣೆ ಇದೆ. 1957ರ ಮಾರ್ಚ್ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಜೊತೆಗೆ ಕಾಡಿಗೆ ಹೋಗಿ ಬಂದ ಜನರಿಗೆ ಜ್ವರ. ಆಫ್ರಿಕಾದ ಹಳದಿ ಜ್ವರವೇ ಇಂಡಿಯಾಕ್ಕೆ ಬಂದುಬಿಟ್ಟಿತೋ ಎಂಬ ದಿಗಿಲು. ಪುಣೆಯಲ್ಲಿ 1952ರಲ್ಲಿ ಸುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅದೇ ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಆಯಿತು. ಬಂದು ನೋಡಿದರೆ ಹಳದಿ ಜ್ವರ ಅಲ್ಲ. ಜಗತ್ತಿನಲ್ಲಿ ಯಾರೂ ಕಂಡಿರದ ಹೊಸ ವೈರಸ್.

ಜನ ಅದನ್ನು ಮಂಗನ ಕಾಯಿಲೆ ಎಂದರು. ಪಾಪ, ಮಂಗನ ಹೆಸರು ಕೆಟ್ಟಿತು. ಮಂಗವೂ ಮನುಷ್ಯನ ಹಾಗೆ ಉಣ್ಣೆ ಕಚ್ಚಿಸಿಕೊಂಡು ಸಾಯುವ ಜೀವಿ. ಉಣ್ಣೆ ಹುಳದ ಮರಿಗಳು ರಕ್ತ ಹೀರುವುದು ನೆಲದ ಮೇಲೆ ಓಡಾಡುವ ಕಾಡಿಲಿ, ಸುಂಡಿಲಿಗಳಂಥ ಸಣ್ಣ ಪ್ರಾಣಿಗಳದ್ದು. ಸಂಶೋಧಕರು ಆ ಸಣ್ಣ ಪ್ರಾಣಿಗಳಲ್ಲಿಯೂ ಈ ವೈರಸ್ಸನ್ನು ಕಂಡರು. ಮಂಗ ಸತ್ತದ್ದು ಎಲ್ಲರಿಗೂ ಕಾಣಿಸಿತು. ತರಗೆಲೆಯ ಕೆಳಗಿನ ಇಲಿ ಯಾರಿಗೂ ಕಾಣಿಸಲಿಲ್ಲ. ಹುಡುಕಿದವರಿಗೆ ಕಾಣಿಸಿತು.

ಆ ರೋಗ ಕ್ಯಾಸನೂರಿನಲ್ಲೇ ಕೂತಿತೇ? 2012ರ ಕೊನೆಗೆ ಬಂಡೀಪುರದಲ್ಲಿ ಕಾಣಿಸಿತು. 2013ರಲ್ಲಿ ಕೇರಳದ ವಯನಾಡು. 2015ರಲ್ಲಿ ಗೋವಾದ ಸತ್ತರಿ ತಾಲೂಕು. 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ನಕಾಶೆ ತೆಗೆದು ನೋಡಬೇಕು. ಸತ್ತರಿಯಾಚೆ ಖಾನಾಪುರ, ದೋಡಾಮಾರ್ಗದ ಘಟ್ಟ ಹತ್ತಿದರೆ ಬೆಳಗಾವಿ. ಬೆಳಗಾವಿ ಜಿಲ್ಲೆಯ ಕೂಲಿಯವರು ಗೋಡಂಬಿ ತೋಟಕ್ಕೆ ಹೋಗಿ ಬರುವ ದಾರಿ ಅದು. ವರ್ಷಾನುಗಟ್ಟಲೆ ಕೊಡುತ್ತ ಬಂದ ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ಕೈಬಿಡಬೇಕಾಯಿತು.

ಚಿಕ್ಕೋಡಿ ಭಾಗದಲ್ಲಿ ಅಂಥ ಕಾಡಿಲ್ಲ, ಆದ್ದರಿಂದ ಮಂಗನ ಕಾಯಿಲೆಯ ಭಯ ಇಲ್ಲಿ ಹಚ್ಚುವುದು ಬೇಡ. ಇಲ್ಲಿ ಬೇಕಾದ್ದು ಆ ರೋಗವಲ್ಲ, ಅದರ ಪಾಠ. ಪ್ರಾಣಿ ಸತ್ತರೆ ಬರೆದಿಡಬೇಕು. ಜ್ವರ ಗುಂಪಾಗಿ ಬಂದರೆ ರಕ್ತ ತೆಗೆದು ಕಳಿಸಬೇಕು. ಸುತ್ತಲಿನ ಸಣ್ಣ ಪ್ರಾಣಿಗಳನ್ನು ಹಿಡಿದು ನೋಡಬೇಕು. 1957ರಲ್ಲಿ ಸೊರಬದ ಕಾಡಿನಲ್ಲಿ ಆದದ್ದು ಇಂದು ಅಥಣಿಯ ಬಯಲಿನಲ್ಲಿ ಯಾಕೆ ಆಗಬಾರದು?

ಸುಗ್ಗಿಯ ರೋಗ

ಕಬ್ಬಿನವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಅದು ಅರ್ಜೆಂಟೀನಾದಲ್ಲಿದೆ. ಅಲ್ಲಿಯದು ಕಾಡಲ್ಲ, ಕರಿ ಮಣ್ಣಿನ ಬಯಲು. ಗೋವಿನಜೋಳದ ಸೀಮೆ. ಪ್ರತಿ ವರ್ಷ ಸುಗ್ಗಿಯ ಹೊತ್ತಿಗೆ ಕೂಲಿಯವರಿಗೆ ಜ್ವರ, ಒಸಡಿನಲ್ಲಿ ರಕ್ತ, ಮೈಯೆಲ್ಲ ನಡುಕ. ಹಿಡಿದ ನೂರರಲ್ಲಿ 15ರಿಂದ 30 ಮಂದಿ ಸಾಯುತ್ತಿದ್ದರು. ಜುನಿನ್ ಎಂಬ ಊರಿನ ಕಡೆ ಸಿಕ್ಕ ವೈರಸ್ಸನ್ನು 1958ರಲ್ಲಿ ಬೇರ್ಪಡಿಸಿದರು. ಹೊತ್ತದ್ದು ಯಾರು? ಜೋಳದ ಹೊಲದಂಚಿನ ಸಣ್ಣ ಇಲಿ.

ಇಲ್ಲಿ ಗಮನಿಸಬೇಕಾದ್ದು, ಆ ಜ್ವರ ಹಿಡಿದದ್ದು ಹೊಲದ ಯಜಮಾನನಿಗಿಂತ ಹೆಚ್ಚಾಗಿ ಹೊಲದಲ್ಲಿ ಇಳಿದು ಕೊಯ್ಯುವವನಿಗೆ. ರೋಗಕ್ಕೂ ಕೂಲಿಗೂ ಅಲ್ಲಿ ಒಂದೇ ಹಾಜರಿ ಪುಸ್ತಕ. ಆದರೆ ಅವರು ಬಿಡಲಿಲ್ಲ. ರೋಗ ಬಂದು ಗುಣವಾದವರ ರಕ್ತದ ದ್ರವವನ್ನು ರೋಗಿಗೆ ಬೇಗ ಕೊಟ್ಟರೆ ಸಾವು ನೂರಕ್ಕೆ ಒಂದರ ಹತ್ತಿರಕ್ಕೆ ಇಳಿಯುತ್ತದೆಂದು ಕಂಡುಕೊಂಡರು. 1990ರ ದಶಕದ ಸುರುವಿನಿಂದ ಕೂಲಿಯವರಿಗೆ ಲಸಿಕೆ ಹಾಕಿದರು. ರೋಗ ಇಳಿಯಿತು. ಅದರ ನೆರೆಯ ಬೊಲಿವಿಯಾದಲ್ಲಿ 1960ರ ದಶಕದ ಸುರುವಿಗೆ ಇಂಥದ್ದೇ ಜ್ವರ ಒಂದು ಊರನ್ನು ತಿಂದು ಹಾಕುತ್ತಿದ್ದಾಗ ಔಷಧ ಇರಲಿಲ್ಲ, ಲಸಿಕೆ ಇರಲಿಲ್ಲ. ಊರಿನ ಇಲಿಗಳನ್ನು ಬೋನಿಟ್ಟು ಹಿಡಿದರು. ರೋಗ ನಿಂತಿತು.

ಹೆಸರು ಗೊತ್ತಾದರೆ ಆಗುವ ಉಪಯೋಗ ಇದು. ವೈರಸ್ಸಿಗೆ ಹೆಸರಿಡುವುದು ನಾಮಕರಣದ ಹಬ್ಬವಲ್ಲ. ಯಾರನ್ನು ಎಲ್ಲಿ ತಡೆಯಬೇಕು ಎಂದು ತಿಳಿಯುವ ದಾರಿ.

ಈ ಕಡೆಯ ಲೆಕ್ಕ

ಈಗ ಐದು ಊರಿನ ಕಡೆ ತಿರುಗೋಣ. ಕೃಷ್ಣೆ, ದೂಧಗಂಗೆ, ವೇದಗಂಗೆ 2005ರಲ್ಲಿ ಉಕ್ಕಿದವು. 2019ರಲ್ಲಿ ಉಕ್ಕಿದವು. 2021ರಲ್ಲಿ ಮತ್ತೆ. ನೀರು ಬಂದಾಗ ಜನ ದನಕರು ಕಟ್ಟಿಕೊಂಡು ಎತ್ತರದ ಜಾಗಕ್ಕೆ ಹೋದರು. ಸಾಲಿಯಲ್ಲಿ, ಗುಡಿಯಲ್ಲಿ ಗಂಜಿ ಕೇಂದ್ರ. ಬಿಲದಲ್ಲಿದ್ದ ಇಲಿ ಹೆಗ್ಗಣ ಎಲ್ಲಿಗೆ ಹೋದವು? ಅದೇ ಎತ್ತರದ ಜಾಗಕ್ಕೆ. ಇಲಿ ಮೂತ್ರ ಬೆರೆತ ನೆರೆ ನೀರಿನಲ್ಲಿ ಬರಿಗಾಲಿನಲ್ಲಿ ನಡೆದವರಿಗೆ, ಕಾಲಿನ ಬಿರುಕಿನಿಂದ, ಗಾಯದಿಂದ ಒಳಹೋಗುವುದು ಇಲಿ ಜ್ವರ. ಇದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಇನ್ನೊಂದು ಸ್ಕ್ರಬ್ ಟೈಫಸ್. ಹುಲ್ಲು, ಪೊದೆಯಲ್ಲಿ ಇಲಿಯ ಮೈಮೇಲೆ ಬದುಕುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿ ಬರುವ ಜ್ವರ. ಕಚ್ಚಿದಲ್ಲಿ ಕೆಲವರಿಗೆ ಬೀಡಿ ಸುಟ್ಟ ಕಲೆಯಂಥ ಕಪ್ಪು ಹೊಪ್ಪಳೆ ಏಳುತ್ತದೆ. ಇದೂ ವೈರಸ್ ಅಲ್ಲ.

ಇವೆರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಗುಳಿಗೆ ಕೆಲಸ ಮಾಡುತ್ತದೆ. ಬೇಗ ಕೊಟ್ಟರೆ ಮನುಷ್ಯ ಉಳಿಯುತ್ತಾನೆ. 'ವಾಯರಲ್' ಎಂದು ಹೆಸರು ಕೊಟ್ಟು ಒಂದು ವಾರ ಕಾದರೆ ಮೂತ್ರಪಿಂಡ, ಪಿತ್ತಜನಕಾಂಗ ಕೈಕೊಡುತ್ತವೆ. ಅಗ್ಗದ ಗುಳಿಗೆಯಲ್ಲಿ ಹೋಗಬೇಕಾದ್ದು ಡಯಾಲಿಸಿಸ್ ಯಂತ್ರಕ್ಕೆ ಹೋಗುತ್ತದೆ. ಹೊಲ ಮಾರಾಟಕ್ಕೆ ಬರುತ್ತದೆ.

ಇನ್ನು ಹಂತಾ. ಹಂತಾ ಜ್ವರವೂ ಇಲಿ ಜ್ವರವೂ ನೋಡಲಿಕ್ಕೆ ಅಣ್ಣತಮ್ಮಂದಿರ ಹಾಗೆ. ಎರಡೂ ಮೂತ್ರಪಿಂಡಕ್ಕೇ ಕೈ ಹಾಕುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು 2000ದ ನಂತರ ಈ ಬಗ್ಗೆ ಅಭ್ಯಾಸ ಮಾಡಿದರು. ಇಲಿ ಹಿಡಿಯುವ ಇರುಳರು, ಧಾನ್ಯದ ಗೋದಾಮಿನ ಕೆಲಸಗಾರರು, ಮೂತ್ರಪಿಂಡದ ರೋಗಿಗಳು, ಇಲಿ ಜ್ವರದಂಥ ಜ್ವರ ಬಂದವರು ಇವರ ರಕ್ತ ಪರೀಕ್ಷಿಸಿದಾಗ ಕೆಲವರಲ್ಲಿ ಹಂತಾ ವೈರಸ್ ತಾಗಿ ಹೋದ ಗುರುತು ಸಿಕ್ಕಿತು. ಎಲ್ಲರಿಗೂ ಬಂದಿತ್ತೆಂದಲ್ಲ. ಕೆಲವರಿಗೆ ಬಂದಿತ್ತು, ಅವರಿಗೇ ಗೊತ್ತಿರಲಿಲ್ಲ.

ಗೋದಾಮು ಎಂದ ಕೂಡಲೇ ನಿಪ್ಪಾಣಿ ನೆನಪಾಗದೆ ಇರುತ್ತದೆಯೇ? ತಂಬಾಕಿನ ವಖಾರಿಗಳ ಊರು ಅದು. ಮೊದಲೇ ತಂಬಾಕಿನ ಧೂಳು ಕುಡಿದು ಕೆಮ್ಮುವ ಹೆಣ್ಣುಮಕ್ಕಳು. ಆ ಧೂಳಿನಲ್ಲಿ ಇಲಿಯ ಹಿಕ್ಕೆಯೂ ಬೆರೆತಿದ್ದರೆ ಯಾರು ನೋಡಿದ್ದಾರೆ? ಜೋಳದ ಕಣಜ, ಬೆಲ್ಲದ ಅಡತಿ, ಸೊಸೈಟಿಯ ಗೊಬ್ಬರದ ಗೋದಾಮು ಇವೆಲ್ಲ ಇದೇ ಲೆಕ್ಕಕ್ಕೆ ಬರುತ್ತವೆ. ಇಲ್ಲಿ ಹಂತಾ ಇದೆ ಎಂದು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಎಂದು ನೋಡಿದರೆ ತಾನೇ ಹೇಳಲು ಬರುವುದು?

ಹಿರಿಯರು ನೋಡುತ್ತಿದ್ದರು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ರೈಲು ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸಾವಿನ ಸುಗ್ಗಿ. ಆಗ ಬ್ಯಾಕ್ಟೀರಿಯಾ, ಚಿಗಟ ಯಾವುದೂ ಹಳ್ಳಿಯವರಿಗೆ ಗೊತ್ತಿರಲಿಲ್ಲ. ಇಲಿಯ ಚಿಗಟದಿಂದ ಪ್ಲೇಗು ಬರುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದೇ 1898ರಲ್ಲಿ. ಅದನ್ನು ದೊಡ್ಡ ದೊಡ್ಡ ಡಾಕ್ಟರುಗಳು ನಂಬಲಿಕ್ಕೆ ಮತ್ತೆ ಕೆಲವು ವರ್ಷ ಹಿಡಿಯಿತು. ಆದರೆ ಮಾಳಿಗೆಯಿಂದ ಇಲಿ ಉದುರಿ ಬಿತ್ತೆಂದರೆ ಅಜ್ಜಂದಿರು ಮನೆಗೆ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸೂಕ್ಷ್ಮದರ್ಶಕ ಇಲ್ಲದ ಜನ ಸತ್ತ ಇಲಿಯನ್ನು ಲೆಕ್ಕ ಹಾಕಿದರು. ಸೂಕ್ಷ್ಮದರ್ಶಕ ಇರುವ ಕಾಲದಲ್ಲಿ ಸತ್ತ ಇಲಿಯನ್ನು ಬಾಲ ಹಿಡಿದು ಗಟಾರಕ್ಕೆ ಎಸೆದು ಕೈ ಒರೆಸಿಕೊಳ್ಳುತ್ತಾರೆ.

ಮಿರಜಿಗೆ ಹೋದ ಜ್ವರ

ಈ ಭಾಗಕ್ಕೆ ಇನ್ನೊಂದು ವಿಶೇಷ ತೊಂದರೆ ಇದೆ, ಅದು ಬೇರೆ ಜಿಲ್ಲೆಯವರಿಗೆ ಅಷ್ಟಾಗಿ ಇಲ್ಲ. ಕಾಗವಾಡದವನಿಗೆ, ಅಥಣಿಯವನಿಗೆ ಜ್ವರ ಜೋರಾದರೆ ಮಿರಜು, ಸಾಂಗ್ಲಿ. ನಿಪ್ಪಾಣಿಯವನಿಗೆ ಕೊಲ್ಲಾಪುರ. ಬೆಳಗಾವಿ ದೂರ, ಮಿರಜು ಹತ್ತಿರ. ಇದರಲ್ಲಿ ಜನರ ತಪ್ಪೇನೂ ಇಲ್ಲ. ಜೀವ ಉಳಿದರೆ ಸಾಕು, ಯಾವ ರಾಜ್ಯವಾದರೇನು?

ಆದರೆ ಲೆಕ್ಕ ಏನಾಗುತ್ತದೆ? ಜ್ವರ ಹುಟ್ಟಿದ್ದು ಕರ್ನಾಟಕದ ಹೊಲದಲ್ಲಿ, ಮಲಗಿದ್ದು ಮಹಾರಾಷ್ಟ್ರದ ಮಂಚದಲ್ಲಿ. ಅಲ್ಲಿ ಪರೀಕ್ಷೆಯಾಗಿ ರೋಗದ ಹೆಸರು ಗೊತ್ತಾದರೂ ಆ ಕಾಗದ ಇವನ ಊರಿನ ಆರೋಗ್ಯ ಕೇಂದ್ರಕ್ಕೆ ಮುಟ್ಟಬೇಕಲ್ಲ? ಮುಟ್ಟದಿದ್ದರೆ ಆ ಊರಿನಲ್ಲಿ ಅಂಥ ರೋಗವೇ ಇಲ್ಲ ಎಂದಾಯಿತು. ಇನ್ನು ಬೀಡದಿಂದ ಬಂದ ಕಬ್ಬು ಕಡಿಯುವವನ ಗತಿ ಇದಕ್ಕಿಂತ ಕಡೆ. ಅವನು ಇಲ್ಲಿನ ಮತದಾರನಲ್ಲ, ಇಲ್ಲಿನ ರೇಷನ್ ಕಾರ್ಡಿನವನಲ್ಲ. ಹಂಗಾಮು ಮುಗಿದ ಮೇಲೆ ಊರಿಗೆ ಹೋಗಿ ಅಲ್ಲಿ ಮಲಗಿದರೆ ಅವನ ಜ್ವರ ಯಾವ ತಾಲೂಕಿನ ಜಮಾ? ಯಾವ ತಾಲೂಕಿನ ಖರ್ಚು?

ಗಡಿಯ ಬಗ್ಗೆ ಭಾಷಣಕ್ಕೆ ಕೊರತೆ ಇಲ್ಲ. ಮಹಾಜನ ಆಯೋಗದ ವರದಿ 1967ರಲ್ಲಿ ಬಂತು. ಅಂದಿನಿಂದ ಇಂದಿನವರೆಗೆ ಒಂದು ಹಳ್ಳಿ ಆಚೆಗೋ ಈಚೆಗೋ ಎಂದು ಎಷ್ಟು ಬಸ್ಸಿಗೆ ಮಸಿ, ಎಷ್ಟು ಬೋರ್ಡಿಗೆ ಕಲ್ಲು! ಆದರೆ ಹೆಗ್ಗಣ ಮಹಾಜನ ವರದಿ ಓದಿಲ್ಲ. ಅದು ಕರ್ನಾಟಕದ ಬದುವಿನಲ್ಲಿ ಬಿಲ ತೋಡಿ ಮಹಾರಾಷ್ಟ್ರದ ಕಬ್ಬು ತಿನ್ನುತ್ತದೆ. ಎರಡೂ ಸರಕಾರಗಳು ಕಾಗದ ಪತ್ರ ನಡೆಸದೆ ಕೂತರೆ ಗೆಲ್ಲುವುದು ಹೆಗ್ಗಣವೇ.

ಹೆದರಿಸಬೇಡಿ ಎನ್ನುವವರಿಗೆ

"ಇರೋ ರೋಗಕ್ಕ ಔಷಧಿ ಇಲ್ಲ, ಹೊಸ ರೋಗ ಹುಡಕಿ ಏನ ಮಾಡ್ತೀರಿ?" ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಅರ್ಥವಿದೆ, ಅದನ್ನು ತಳ್ಳಿ ಹಾಕಬಾರದು. ಇಲಿಯ ಮೈಯಲ್ಲಿ ನೂರಾರು ವೈರಸ್ ಇರಬಹುದು. ಬಹುಪಾಲು ಮನುಷ್ಯನ ಗೊಡವೆಗೆ ಬರುವುದಿಲ್ಲ. ವೆಲ್ಲೂರಿನ ಸುಂಡಿಲಿಯ ವೈರಸ್ ಕೂಡ ಜನರಲ್ಲಿ ದೊಡ್ಡ ರೋಗ ಎಬ್ಬಿಸಿದ್ದು ಕಂಡಿಲ್ಲ. ಅಮೆರಿಕದವರು 2009ರಲ್ಲಿ ಪ್ರಿಡಿಕ್ಟ್ ಎಂಬ ಯೋಜನೆ ಹಾಕಿ ಜಗತ್ತಿನ ಹಲವು ದೇಶಗಳಲ್ಲಿ ಬಾವಲಿ, ಇಲಿ, ಮಂಗಗಳನ್ನು ಹಿಡಿದು ಹತ್ತು ವರ್ಷದಲ್ಲಿ ಸುಮಾರು 1,000 ಹೊಸ ವೈರಸ್ ಪಟ್ಟಿ ಮಾಡಿದರು. ಆದರೂ 2020ರಲ್ಲಿ ಕೊರೋನಾ ಹೇಳದೆ ಕೇಳದೆ ಬಂತು. ಪಟ್ಟಿ ಉದ್ದವಾದರೆ ಸಾಲದು ಎಂಬುದು ಅಲ್ಲಿಗೆ ಸಿದ್ಧವಾಯಿತು.

ಹಾಗಾದರೆ ದಾರಿ ಯಾವುದು? ಚೀನಾದ ಇನ್ನೊಂದು ಉದಾಹರಣೆ ನೋಡಬಹುದು. ಅಲ್ಲಿನ ಪೂರ್ವ ಭಾಗದಲ್ಲಿ ಜ್ವರ ಬಂದು ಆಸ್ಪತ್ರೆಗೆ ಬಂದ ರೈತರ ಮಾದರಿ ತೆಗೆದು ನೋಡಿದಾಗ ಒಂದು ಹೊಸ ವೈರಸ್ ಸಿಕ್ಕಿತು. 2022ರಲ್ಲಿ ವರದಿ ಬಂತು. ಹೆಸರು ಲಾಂಗ್ಯಾ. 35 ರೋಗಿಗಳು, ಬಹುತೇಕ ಹೊಲದಲ್ಲಿ ದುಡಿಯುವವರು. ಆಮೇಲೆ ಸುತ್ತಲಿನ 25 ಬಗೆಯ ಸಣ್ಣ ಕಾಡುಪ್ರಾಣಿಗಳನ್ನು ಹಿಡಿದು ನೋಡಿದರು. ಹೆಚ್ಚಾಗಿ ಸಿಕ್ಕಿದ್ದು ಯಾವುದರಲ್ಲಿ? ಮತ್ತೆ ಅದೇ ಸುಂಡಿಲಿಯ ಕುಲದಲ್ಲಿ. ಅಂದರೆ ಮೊದಲು ಜ್ವರ ಬಂದ ಮನುಷ್ಯ, ಆಮೇಲೆ ಇಲಿ. ಇಲಿಯ ಹಿಂದೆ ಓಡಿ ಮನುಷ್ಯನನ್ನು ಮರೆಯುವುದಲ್ಲ. ಮನುಷ್ಯನ ಜ್ವರದ ಜಾಡು ಹಿಡಿದು ಇಲಿಯ ಬಿಲಕ್ಕೆ ಹೋಗುವುದು. ಕ್ಯಾಸನೂರಿನಲ್ಲಿ ಆದದ್ದೂ ಇದೇ. ಈ ಕ್ರಮದಲ್ಲಿ ಖರ್ಚು ಕಡಿಮೆ, ಉಪಯೋಗ ಹೆಚ್ಚು.

ಹೆದರಿಕೆಯ ಮಾತು ಬಂದರೆ, ಹೆದರಿಕೆ ಹುಟ್ಟುವುದು ತಿಳಿದದ್ದರಿಂದ ಅಲ್ಲ, ತಿಳಿಯದ್ದರಿಂದ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗು ಎಂದಾಗ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಆಗ ಗಟ್ಟಿಯಾಗಿ ಇಂಥದ್ದು ಎಂದು ಹೇಳುವ ಪರೀಕ್ಷೆ ಬೇಗ ಆಗಿದ್ದರೆ ಅಷ್ಟು ಜನ ಓಡುತ್ತಿರಲಿಲ್ಲ.

ಆಗಬೇಕಾದ್ದು ಇಷ್ಟು

ಕೋಟಿಗಟ್ಟಲೆ ರೂಪಾಯಿಯ ಕಟ್ಟಡ ಕೇಳುವ ಮಾತಲ್ಲ ಇದು. ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆ ಇದೆ. ಕೊರೋನಾ ಕಾಲದಲ್ಲಿ ಗಂಟಲ ಮಾದರಿ ಪರೀಕ್ಷೆ ಅಲ್ಲಿ ನಡೆದದ್ದು ಜನರಿಗೆ ನೆನಪಿದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಈ ಜಿಲ್ಲೆಗೆ ಪ್ರಯೋಗಾಲಯ ಹೊಸದಲ್ಲ. ಪುಣೆಯ ವೈರಾಣು ಸಂಸ್ಥೆ ನಿಪ್ಪಾಣಿಯಿಂದ ಹೆದ್ದಾರಿಯಲ್ಲಿ ನೇರ ದಾರಿ. ಬೇಕಾದ್ದು ಇಲ್ಲಿಂದ ಅಲ್ಲಿಗೆ ರಕ್ತದ ಮಾದರಿ ಹೋಗುವ ಕ್ರಮ.

ಐದು ದಿನ ದಾಟಿದ ಜ್ವರ, ಕಡಿಮೆಯಾದ ಮೂತ್ರ, ಕೆಂಪು ಕಣ್ಣು ಇದ್ದರೆ ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡನ್ನೂ ಪರೀಕ್ಷಿಸಬೇಕು. ಎರಡೂ ಅಲ್ಲವೆಂದು ಬಂದ ರಕ್ತವನ್ನು ಚೆಲ್ಲದೆ ತಂಪಿನಲ್ಲಿಟ್ಟು ಹಂತಾ ಮುಂತಾದವುಗಳ ಪರೀಕ್ಷೆಗೆ ಕಳಿಸಬೇಕು. ರೋಗಿ ಏನು ಕೆಲಸ ಮಾಡುತ್ತಾನೆ, ಎಲ್ಲಿ ಮಲಗುತ್ತಾನೆ ಎಂಬ ಎರಡು ಪ್ರಶ್ನೆ ಕೇಸ್ ಪೇಪರಿನಲ್ಲಿ ಇರಬೇಕು. ಇದಕ್ಕೆ ಬೇಕಾದ್ದು ಒಂದು ಪೆನ್ನು.

ವರ್ಷಕ್ಕೆ ಎರಡು ಸಲ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಹಂಗಾಮಿನ ನಡುವೆ ಒಮ್ಮೆ, ಆಯ್ದ ಊರುಗಳಲ್ಲಿ ಬೋನಿಟ್ಟು ಇಲಿ ಹಿಡಿದು ನೋಡಬೇಕು. ಸಂಜೆ ಇಟ್ಟ ಬೋನನ್ನು ಬೆಳಿಗ್ಗೆ ಎತ್ತಬೇಕು. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಯಾರೂ ಮುಟ್ಟಬಾರದು. ಹಿಂದೆ ಇಂಥ ಮಾದರಿಯನ್ನು ಎಳೆ ಇಲಿಮರಿಗಳಿಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. ಈಗ ವೈರಸ್ಸಿನ ವಂಶವಾಹಿಯನ್ನೇ ಯಂತ್ರದಲ್ಲಿ ಓದುತ್ತಾರೆ. ಪಶು ಇಲಾಖೆ, ಕೃಷಿ ಇಲಾಖೆ, ಆರೋಗ್ಯ ಇಲಾಖೆ ಮೂರೂ ಒಂದೇ ಜೀಪಿನಲ್ಲಿ ಕೂರುವುದಷ್ಟೇ ಕಷ್ಟದ ಕೆಲಸ.

ಕಾರ್ಖಾನೆಯ ಆಡಳಿತ ಮಂಡಳಿಗಳಿಗೂ ಒಂದು ಮಾತು. ಟನ್ನಿಗೆ ಇಷ್ಟು ಎಂದು ಕಡಿಯುವ ಕೂಲಿ ಲೆಕ್ಕ ಹಾಕುವ ಪುಸ್ತಕದಲ್ಲಿ ಒಂದು ಜೊತೆ ಬೂಟು, ಒಂದು ಜೊತೆ ಕೈಗವಸಿನ ಖರ್ಚು ಹಿಡಿಸುವುದಿಲ್ಲವೇ? ಗುಡಿಸಲಿಗೆ ಎತ್ತರದ ಒಣ ಜಾಗ, ಹಿಟ್ಟು ಅಕ್ಕಿ ಇಡಲು ಮುಚ್ಚಳವಿರುವ ಡಬ್ಬಿ, ಕುಡಿಯುವ ನೀರು, ವಾರಕ್ಕೊಮ್ಮೆ ಒಬ್ಬ ಡಾಕ್ಟರು. ಸಕ್ಕರೆ ಸಿಹಿಯಾಗಿರುವುದು ಇವರ ಬೆವರಿನಿಂದ.

ಜನರೂ ಸರಕಾರದ ಕಡೆ ಬೆರಳು ತೋರಿಸಿ ಸುಮ್ಮನಿರಬಾರದು. ಮುಚ್ಚಿದ್ದ ಗೋದಾಮು, ಕಣಜ ತೆರೆದರೆ ಮೊದಲು ಗಾಳಿಯಾಡಲು ಬಿಡಬೇಕು, ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿ ಚಿಮುಕಿಸಬೇಕು, ಆಮೇಲೆ ಕಸಬರಿಗೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಹಿಡಿಯದೆ ಹೂಳಬೇಕು. ಒಂದೆರಡಲ್ಲ, ಹತ್ತಾರು ಇಲಿ ಕಾರಣವಿಲ್ಲದೆ ಸತ್ತು ಬಿದ್ದರೆ ಪಂಚಾಯತಿಗೆ ಹೇಳಬೇಕು, ಪಂಚಾಯತಿ ಬರೆದಿಡಬೇಕು. ಕಂಡಲ್ಲೆಲ್ಲ ವಿಷ ಸುರಿದರೆ ಇಲಿಯ ಜೊತೆ ಗೂಗೆ, ಬೆಕ್ಕು, ಕೇರೆ ಹಾವು ಎಲ್ಲ ಸಾಯುತ್ತವೆ. ಮುಂದಿನ ವರ್ಷ ಇಲಿಗೆ ವೈರಿಯೇ ಇಲ್ಲ.

'ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?' ಎಂದು ಕೇಳಿ ಮುಗಿಸುವುದು ಇಂಥ ಬರಹಗಳ ರೂಢಿ. ಇಲ್ಲಿ ಸಂಬಂಧಪಟ್ಟವರು ಯಾರೆಂದು ಮೊದಲು ಹೇಳಬೇಕು. ಬರಿಗಾಲಿನಲ್ಲಿ ಕಬ್ಬಿನ ಹೊಲಕ್ಕೆ ಇಳಿಯುವವನು ಸಂಬಂಧಪಟ್ಟವನು. ವಖಾರಿಯಲ್ಲಿ ಧೂಳು ಝಾಡಿಸುವವಳು ಸಂಬಂಧಪಟ್ಟವಳು. ನೆರೆ ಇಳಿದ ಮೇಲೆ ಮನೆಯ ರಾಡಿ ಬಳಿಯುವ ಮುದುಕಿ ಸಂಬಂಧಪಟ್ಟವಳು. ಕುರ್ಚಿಯಲ್ಲಿ ಕೂತವರಿಗೆ ಇಲಿಯ ಸಂಬಂಧ ಬರುವುದು ಫೈಲು ಕಡಿದಾಗ ಮಾತ್ರ.

ಮುಂದಿನ ಹಂಗಾಮಿಗೆ ಮತ್ತೆ ಭೋಂಗಾ ಕೂಗುತ್ತದೆ. ಮತ್ತೆ ಯಾರೋ ಒಬ್ಬ ಗುಡಿಸಲಿನಲ್ಲಿ ಕಂಬಳಿ ಹೊದ್ದು ನಡುಗುತ್ತಾನೆ. "ಎಂಥಾ ಜ್ವರರೀ?" ಎಂದು ಅವನು ಕೇಳುವ ಪ್ರಶ್ನೆಗೆ ಅವನ ರಕ್ತದಲ್ಲೇ ಉತ್ತರ ಇದೆ. ತೆಗೆದು ನೋಡುವವರು ಬೇಕು.